ಕೆಲಸಕ್ಕೆ ಬಂದವರ ಪೂರ್ವಾಪರ: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಕೃಷ್ಣೆಯ ಹಿಪ್ಪರಗಿ ಬ್ಯಾರೇಜನ್ನೂ ಘಟಪ್ರಭೆಯ ಕಾಲುವೆಗಳನ್ನೂ ನಂಬಿರುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ನೌಕರಿಯ ವರ್ಷವು ಕಬ್ಬು ನುರಿಸುವ ಹಂಗಾಮಿನೊಂದಿಗೆ ಆರಂಭವಾಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಸಮೀರವಾಡಿ, ಸಿದ್ದಾಪುರ, ಹಿರೇಪಡಸಲಗಿ, ಮುಧೋಳ, ಉತ್ತೂರು, ಬಾಡಗಂಡಿಗಳ ಸಕ್ಕರೆ ಕಾರ್ಖಾನೆಗಳು ಬಾಯ್ಲರ್ ಹೊತ್ತಿಸುವ ವೇಳೆಗೆ ಫಿಟ್ಟರ್‌ಗಳು, ತೂಕದ ಗುಮಾಸ್ತರು, ಫೀಲ್ಡ್‌ಮನ್‌ಗಳು, ಟ್ರ್ಯಾಕ್ಟರ್ ಚಾಲಕರು, ಕಬ್ಬು ಕಡಿಯುವ ಗ್ಯಾಂಗುಗಳು ಬೇಕಾಗುತ್ತಾರೆ. ರಬಕವಿ, ಬನಹಟ್ಟಿ, ಮಹಾಲಿಂಗಪುರಗಳ ಮಗ್ಗಗಳಿಗೆ ನೇಯುವವರೂ ಕಂಡಿಕೆ ಸುತ್ತುವವರೂ ವರ್ಷವಿಡೀ ಬೇಕು. ಮುಧೋಳ ತಾಲ್ಲೂಕಿನ ಸಿಮೆಂಟ್ ಕಾರ್ಖಾನೆಗೆ, ಊರೂರಿನ ಸೌಹಾರ್ದ ಸಹಕಾರಿಗಳಿಗೆ, ಖಾಸಗಿ ಶಾಲೆ ಮತ್ತು ಆಸ್ಪತ್ರೆಗಳಿಗೆ ಬೇಕಾಗುವವರ ಸಂಖ್ಯೆಯೂ ಸಣ್ಣದಲ್ಲ. ಇಷ್ಟೆಲ್ಲ ಜನರನ್ನು ಆರಿಸುವಾಗ ಈ ಭಾಗದಲ್ಲಿ ಸಾಮಾನ್ಯವಾಗಿ ಮೊದಲು ಕೇಳಿಬರುವ ಪ್ರಶ್ನೆ ‘ಯಾವೂರು, ಯಾರ ಪೈಕಿ’ ಎಂಬುದೇ ಹೊರತು ‘ಎಲ್ಲಿ, ಎಷ್ಟು ವರ್ಷ, ಏನು ಕೆಲಸ ಮಾಡಿದ್ದೀರಿ’ ಎಂಬುದಲ್ಲ.

ಎಲ್ಲರಿಗೆ ಎಲ್ಲರೂ ಗೊತ್ತಿರುವ ಊರುಗಳಲ್ಲಿ ಈ ಪ್ರಶ್ನೆ ಹುಟ್ಟುವುದು ಸಹಜವಾದರೂ, ಅದರಿಂದ ದೊರಕುವ ಉತ್ತರವು ಅರ್ಜಿದಾರನ ಕೆಲಸದ ಬಗ್ಗೆ ಬಹುಮಟ್ಟಿಗೆ ಏನನ್ನೂ ಹೇಳುವುದಿಲ್ಲ. ಅರ್ಜಿದಾರನು ಹಿಂದೆ ದುಡಿದ ಸ್ಥಳದಲ್ಲಿ ಅವನ ಕೆಲಸವನ್ನು ಕಣ್ಣಾರೆ ಕಂಡವರಿಂದ ಮಾಹಿತಿ ಪಡೆದು, ಅವನು ಹೇಳಿಕೊಂಡದ್ದರೊಂದಿಗೆ ತಾಳೆ ನೋಡುವ ಕ್ರಮವನ್ನು ರೆಫರೆನ್ಸ್ ಪರಿಶೀಲನೆ ಅಥವಾ ಪೂರ್ವಾಪರ ವಿಚಾರಣೆ ಎನ್ನುತ್ತಾರೆ. ಈ ವಿಚಾರಣೆಗೆ ಎರಡು ಅಳತೆಗೋಲುಗಳಿವೆ: ಅದು ಸರಿಯಾದ ವ್ಯಕ್ತಿಯನ್ನು ಆರಿಸಲು ನೆರವಾಗಬೇಕು, ಮತ್ತು ಅರ್ಜಿದಾರನ ಮಾನಕ್ಕೂ ಖಾಸಗಿತನಕ್ಕೂ ಕಾನೂನು ಕೊಟ್ಟಿರುವ ರಕ್ಷಣೆಯನ್ನು ಮೀರದೆ ನಡೆಯಬೇಕು. ಇವೆರಡೂ ಪರಸ್ಪರ ವಿರುದ್ಧವೆಂದೂ, ಕಾನೂನನ್ನು ಪಾಲಿಸಿದರೆ ನಿಜ ತಿಳಿಯುವುದಿಲ್ಲವೆಂದೂ ಅನೇಕ ಮಾಲೀಕರು ನಂಬಿದ್ದಾರೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ: ಅರ್ಜಿದಾರನಿಗೆ ತಿಳಿಸಿ, ಕೆಲಸಕ್ಕೆ ಸಂಬಂಧಿಸಿದ್ದನ್ನು ಮಾತ್ರ, ಕೆಲಸ ನೋಡಿದವರಿಂದಲೇ ಕೇಳುವ ವಿಚಾರಣೆಯು ಕಾನೂನಿಗೆ ಒಪ್ಪುತ್ತದೆ, ಮತ್ತು ಬಳಕೆಗೆ ಬರುವ ಉತ್ತರವನ್ನು ತಂದುಕೊಡುವುದೂ ಅದೇ.

ಶಿಫಾರಸು, ಜಾಮೀನು, ಸಾಕ್ಷ್ಯ

ಈ ಭಾಗದ ನೇಮಕಾತಿಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದರೊಡನೊಂದು ಬೆರೆತುಹೋಗಿವೆ. ಮೊದಲನೆಯದು ಶಿಫಾರಸು, ಅಂದರೆ ಜನರ ಮಾತಿನಲ್ಲಿ ವಶೀಲಿ. ಇದರಲ್ಲಿ ಪ್ರಭಾವವುಳ್ಳ ಒಬ್ಬರು ಕೆಲಸ ಕೊಡುವವರ ಮೇಲಿನ ತಮ್ಮ ಋಣ ಅಥವಾ ಅಧಿಕಾರವನ್ನು ಬಳಸುತ್ತಾರೆಯೇ ಹೊರತು ಅರ್ಜಿದಾರನ ಸಾಮರ್ಥ್ಯದ ಬಗ್ಗೆ ಮಾಹಿತಿ ಕೊಡುವುದಿಲ್ಲ. ಎರಡನೆಯದು ಜಾಮೀನು, ಪಿಗ್ಮಿ ಹಣ ಸಂಗ್ರಹಿಸುವ ಏಜೆಂಟರನ್ನೋ ಕ್ಯಾಷಿಯರನ್ನೋ ನೇಮಿಸಿಕೊಳ್ಳುವಾಗ ಸಹಕಾರಿಗಳು ಕೇಳುವ ಜಾಮೀನುದಾರರ ಸಹಿಯು ನಷ್ಟವಾದರೆ ಯಾರಿಂದ ವಸೂಲು ಮಾಡಬೇಕೆಂಬುದನ್ನು ಹೇಳುತ್ತದೆ, ನಷ್ಟವಾಗುವ ಸಂಭವ ಎಷ್ಟೆಂಬುದನ್ನು ಹೇಳುವುದಿಲ್ಲ. ಮೂರನೆಯದು ಸಾಕ್ಷ್ಯ, ಹಿಂದಿನ ಮೇಲ್ವಿಚಾರಕರು ತಾವು ಕಂಡದ್ದನ್ನು, ಕಂಡಷ್ಟನ್ನೇ ಹೇಳುವುದು ಇದರ ಸ್ವರೂಪ. ರೆಫರೆನ್ಸ್ ಎಂಬ ಹೆಸರಿಗೆ ಅರ್ಹವಾದುದು ಈ ಮೂರನೆಯದು ಮಾತ್ರ.

ಸರ್ಕಾರಿ ನೇಮಕಾತಿಯಲ್ಲಿಯೂ ಈ ಬೆರಕೆಯ ಒಂದು ಹಳೆಯ ರೂಪವಿದೆ. ಕೊನೆಯದಾಗಿ ಓದಿದ ಸಂಸ್ಥೆಯ ಮುಖ್ಯಸ್ಥರಿಂದ ನಡತೆ ಪ್ರಮಾಣಪತ್ರವನ್ನೂ, ಸಂಬಂಧಿಕರಲ್ಲದ ಇಬ್ಬರು ಗೌರವಾನ್ವಿತ ವ್ಯಕ್ತಿಗಳಿಂದ ಅಂಥವೇ ಪತ್ರಗಳನ್ನೂ ತರಬೇಕೆಂಬ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಅರ್ಜಿದಾರನೇ ಆರಿಸಿಕೊಂಡ ಗಣ್ಯರು ಒಂದೇ ಮಾದರಿಯ ವಾಕ್ಯದ ಕೆಳಗೆ ಸಹಿ ಹಾಕಿಕೊಡುವ ಇಂಥ ಪತ್ರಗಳಲ್ಲಿ ಪ್ರತಿಯೊಬ್ಬನ ನಡತೆಯೂ ಉತ್ತಮವೇ ಆಗಿರುವುದರಿಂದ, ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಿ ನೋಡಲು ಅವು ನೆರವಾಗುವುದಿಲ್ಲ.

ಸಾಕ್ಷ್ಯದ ಬೆಲೆ ಎಷ್ಟೆಂಬುದನ್ನೂ ಅತಿಯಾಗಿ ಎಣಿಸಬಾರದು. ನೇಮಕಾತಿಯ ವಿಧಾನಗಳು ಮುಂದಿನ ಕೆಲಸದ ಗುಣಮಟ್ಟವನ್ನು ಎಷ್ಟರಮಟ್ಟಿಗೆ ಮುಂಚಿತವಾಗಿ ಸೂಚಿಸುತ್ತವೆ ಎಂಬುದರ ಕುರಿತು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ಫ್ರಾಂಕ್ ಸ್ಮಿತ್ ಮತ್ತು ಜಾನ್ ಹಂಟರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸೊನ್ನೆ ಎಂದರೆ ಯಾವ ಸಂಬಂಧವೂ ಇಲ್ಲ, ಒಂದು ಎಂದರೆ ಪೂರ್ಣ ಸಂಬಂಧ ಎಂಬ ಅಳತೆಯಲ್ಲಿ, ರೆಫರೆನ್ಸ್ ಪರಿಶೀಲನೆಗೆ 0.26, ಎಲ್ಲರಿಗೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೇಳುವ ಸಂದರ್ಶನಕ್ಕೆ 0.51, ಕೆಲಸದ ತುಣುಕೊಂದನ್ನು ಮಾಡಿಸಿ ನೋಡುವ ಪರೀಕ್ಷೆಗೆ 0.54 ಬಂದಿತ್ತು. ನಂತರದ ಸಂಶೋಧಕರು ಈ ಅಂಕಿಗಳಲ್ಲಿ ಕೆಲವನ್ನು ಇಳಿಸಿದ್ದಾರೆ. ಆದ್ದರಿಂದ ಪೂರ್ವಾಪರ ವಿಚಾರಣೆಯೊಂದನ್ನೇ ನೆಚ್ಚಿ ಆಯ್ಕೆ ಮಾಡುವುದೂ ತಪ್ಪು, ಅದನ್ನು ಬಿಟ್ಟುಬಿಡುವುದೂ ತಪ್ಪು; ಬನಹಟ್ಟಿಯ ಮಗ್ಗದ ಮಾಲೀಕನು ಹೊಸ ನೇಕಾರನಿಗೆ ಅರ್ಧ ದಿನದ ಕೂಲಿ ಕೊಟ್ಟು ಮಗ್ಗದ ಮುಂದೆ ಕೂರಿಸಿ ನೋಡುವುದೂ, ಸಹಕಾರಿಯು ಲೆಕ್ಕದ ಗುಮಾಸ್ತನಿಗೆ ಒಂದು ದಿನದ ಖಾತೆ ಬರೆಯಲು ಕೊಡುವುದೂ ಮೊದಲು ನಡೆದು, ಆ ಬಳಿಕ ಅದರ ಜೊತೆಗೆ ಹಿಂದಿನವರ ಮಾತು ಸೇರಬೇಕು. ಮೊದಲ ಬಾರಿಗೆ ಕೆಲಸ ಹುಡುಕುವ ಯುವಕರಿಗೂ, ಮಕ್ಕಳು ದೊಡ್ಡವರಾದ ಮೇಲೆ ಮರಳಿ ದುಡಿಯಲು ಬರುವ ಹೆಣ್ಣುಮಕ್ಕಳಿಗೂ ಹೇಳಿಕೊಳ್ಳಲು ಹಿಂದಿನ ಮಾಲೀಕರೇ ಇಲ್ಲದಿರುವುದರಿಂದ, ಅವರ ಪಾಲಿಗೆ ಇಂಥ ಪರೀಕ್ಷೆಯೊಂದೇ ನ್ಯಾಯವಾದ ಬಾಗಿಲು.

ಮೊದಲು ಕಾಗದ, ಆಮೇಲೆ ಮಾತು

ಪೂರ್ವಾಪರ ವಿಚಾರಣೆಯಲ್ಲಿ ಜನರ ನೆನಪಿಗಿಂತ ಮೊದಲು ನೋಡಬೇಕಾದುದು ದಾಖಲೆ, ಏಕೆಂದರೆ ದಾಖಲೆಯಿಂದಲೇ ತಿಳಿಯುವುದನ್ನು ಫೋನಿನಲ್ಲಿ ಕೇಳಿದರೆ ಕೇಳುವವರ ಸಮಯವೂ ಹೇಳುವವರ ತಾಳ್ಮೆಯೂ ವ್ಯರ್ಥವಾಗುತ್ತವೆ. ಭವಿಷ್ಯ ನಿಧಿ ಕಡಿತವಾಗುತ್ತಿದ್ದ ಸಂಸ್ಥೆಗಳಲ್ಲಿ ದುಡಿದವರಿಗೆ ಯುಎಎನ್ ಎಂಬ ಹನ್ನೆರಡು ಅಂಕಿಗಳ ಸಂಖ್ಯೆಯಿರುತ್ತದೆ. 2014ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಕಾರ್ಮಿಕನು ಯಾವ ಸಂಸ್ಥೆಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇದ್ದನೆಂಬ ಸೇವಾ ಇತಿಹಾಸವು ಅವನ ಖಾತೆಯಲ್ಲಿಯೇ ಕಾಣುತ್ತದೆ. ಅದನ್ನು ಕಾರ್ಮಿಕನೇ ತೆಗೆದು ತೋರಿಸುವಂತೆ ಕೇಳಿದರೆ ಸಾಕು, ಅವನ ಪಾಸ್‌ವರ್ಡನ್ನು ಕೇಳುವ ಅಗತ್ಯವೂ ಇಲ್ಲ, ಹಕ್ಕೂ ಇಲ್ಲ. ಅಂಕಪಟ್ಟಿಗಳನ್ನು ಡಿಜಿಲಾಕರ್‌ನಿಂದ ನೇರವಾಗಿ ಪಡೆದರೆ ಜೆರಾಕ್ಸ್ ಪ್ರತಿಗಳ ಮೇಲಿನ ಸಂಶಯ ಉಳಿಯುವುದಿಲ್ಲ. ಆಧಾರ್ ಕಾರ್ಡಿನ ವಿಷಯದಲ್ಲಿ, ಖಾಸಗಿ ಸಂಸ್ಥೆಗಳು ಅದನ್ನು ಕಡ್ಡಾಯಗೊಳಿಸಲು ಆಸ್ಪದ ಕೊಟ್ಟಿದ್ದ ಕಾಯಿದೆಯ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ರದ್ದುಪಡಿಸಿರುವುದರಿಂದ, ಗುರುತಿಗೆ ಬೇರೆ ದಾಖಲೆಯನ್ನು ಕೊಡುವ ಅವಕಾಶವನ್ನು ಅರ್ಜಿದಾರನಿಗೆ ಉಳಿಸಬೇಕು.

ಕೆಲವು ಕೆಲಸಗಳಿಗೆ ಕಾನೂನೇ ಅರ್ಹತಾಪತ್ರವನ್ನು ನಿಗದಿಪಡಿಸಿದೆ. ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನಿಗೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯು ಕೊಡುವ ಸಾಮರ್ಥ್ಯ ಪ್ರಮಾಣಪತ್ರ, ಕಬ್ಬಿನ ಲಾರಿ ಓಡಿಸುವವನಿಗೆ ಭಾರಿ ವಾಹನದ ಲೈಸೆನ್ಸ್, ಶುಶ್ರೂಷಕಿಗೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ಇರಲೇಬೇಕು. ಇವುಗಳನ್ನು ಕೊಟ್ಟ ಕಚೇರಿಯಲ್ಲಿ ಅಥವಾ ಅದರ ಜಾಲತಾಣದಲ್ಲಿಯೇ ಪರಿಶೀಲಿಸಬೇಕು. ಅರ್ಜಿದಾರನು ಕೈಯಲ್ಲಿ ಹಿಡಿದು ತಂದ ಕಾಗದವನ್ನು ಕಾಗದದಿಂದಲೇ ನಂಬುವುದರ ಅಪಾಯವನ್ನು ದೇಶವು 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಕಂಡಿತು: ಆ್ಯಪ್ ಮೂಲಕ ಓಡುತ್ತಿದ್ದ ಟ್ಯಾಕ್ಸಿಯ ಚಾಲಕನೊಬ್ಬ ಪ್ರಯಾಣಿಕಳ ಮೇಲೆ ಅತ್ಯಾಚಾರ ಎಸಗಿದ ಪ್ರಕರಣದಲ್ಲಿ, ಅವನು ಸಲ್ಲಿಸಿದ್ದ ಪೊಲೀಸ್ ನಡತೆ ಪ್ರಮಾಣಪತ್ರವೇ ನಕಲಿಯೆಂದು ಪೊಲೀಸರು ಹೇಳಿದರು.

ಪೊಲೀಸ್ ಪರಿಶೀಲನೆಯನ್ನು ಕಾನೂನೇ ಕಡ್ಡಾಯಗೊಳಿಸಿದ ಕ್ಷೇತ್ರಗಳೂ ಇವೆ. ಪೋಕ್ಸೊ ಕಾಯಿದೆಯಡಿಯ 2020ರ ನಿಯಮಗಳ ಪ್ರಕಾರ ಶಾಲೆ, ಶಿಶುವಿಹಾರ, ಕ್ರೀಡಾ ಅಕಾಡೆಮಿಗಳಂಥ, ಮಕ್ಕಳೊಡನೆ ನಿರಂತರ ಸಂಪರ್ಕವಿರುವ ಎಲ್ಲ ಸಂಸ್ಥೆಗಳು ಬೋಧಕರು, ಬೋಧಕೇತರರು, ಗುತ್ತಿಗೆಯವರು ಎಂಬ ಭೇದವಿಲ್ಲದೆ ಪ್ರತಿಯೊಬ್ಬ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ನಿಯತಕಾಲಿಕವಾಗಿ ಮಾಡಿಸಬೇಕು. ಶಾಲಾ ವಾಹನದ ಚಾಲಕನೂ ಅಡುಗೆಯವಳೂ ಇದರಲ್ಲಿ ಸೇರುತ್ತಾರೆ. ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣಕ್ಕಾಗಿ 2005ರಲ್ಲಿ ಬಂದ ಕಾಯಿದೆಯು ಕಾವಲುಗಾರರ ನಡತೆ ಮತ್ತು ಪೂರ್ವಾಪರವನ್ನು ಖಚಿತಪಡಿಸಿಕೊಳ್ಳುವ ಹೊಣೆಯನ್ನು ಏಜೆನ್ಸಿಯ ಮೇಲೆ ಹೊರಿಸಿದೆ. ಕರ್ನಾಟಕದಲ್ಲಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಆದರೆ ಪೊಲೀಸರ ಉತ್ತರವು ತಮ್ಮ ದಾಖಲೆಯಲ್ಲಿ ಪ್ರಕರಣ ಇದೆಯೇ ಇಲ್ಲವೇ ಎಂಬುದನ್ನು ಮಾತ್ರ ತಿಳಿಸುತ್ತದೆ. ಒಬ್ಬ ಶಿಕ್ಷಕನು ಹಿಂದಿನ ಶಾಲೆಯನ್ನು ಏಕೆ ಬಿಟ್ಟನೆಂಬುದನ್ನು ಆ ಶಾಲೆಯ ಮುಖ್ಯೋಪಾಧ್ಯಾಯರಿಂದಲೇ ಕೇಳಿ ತಿಳಿಯಬೇಕು.

ಕೇಳುವ ಕ್ರಮ

ಅರ್ಜಿದಾರನೇ ಕೊಟ್ಟ ಮೊಬೈಲ್ ಸಂಖ್ಯೆಗೆ ಫೋನ್ ಮಾಡಿ, ಅತ್ತ ಕಡೆಯವರು ಹೇಳಿದ ಎರಡು ಒಳ್ಳೆಯ ಮಾತುಗಳನ್ನು ಕೇಳಿ ಫೋನ್ ಇಡುವುದು ವಿಚಾರಣೆಯಾಗುವುದಿಲ್ಲ. ಮಾತನಾಡಿದವರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಲು ಹಿಂದಿನ ಕಾರ್ಖಾನೆ, ಶಾಲೆ ಅಥವಾ ಸಹಕಾರಿಯ ಕಚೇರಿಯ ಸಂಖ್ಯೆಯನ್ನು ಬೇರೆ ಮೂಲದಿಂದ ಪಡೆದು, ಅದರ ಮೂಲಕ ಆ ವ್ಯಕ್ತಿಯನ್ನು ತಲುಪಬೇಕು. ಅರ್ಜಿದಾರನು ಅವರ ಕೈಕೆಳಗೆ ನೇರವಾಗಿ ದುಡಿದಿದ್ದನೇ, ಎಷ್ಟು ಕಾಲ ಎಂಬುದನ್ನು ಮೊದಲ ಪ್ರಶ್ನೆಯಾಗಿಯೇ ಕೇಳಬೇಕು. ಸಂಸ್ಥೆಯ ಅಧ್ಯಕ್ಷರ ಮಾತಿಗಿಂತ ಪಾಳಿಯ ಮೇಲ್ವಿಚಾರಕರ ಮಾತಿಗೆ ಹೆಚ್ಚು ತೂಕವಿದೆ, ಏಕೆಂದರೆ ಅಧ್ಯಕ್ಷರಿಗೆ ತಿಳಿದಿರುವುದು ಮನೆತನ, ಮೇಲ್ವಿಚಾರಕರಿಗೆ ತಿಳಿದಿರುವುದು ಕೆಲಸ. ಇಚಲಕರಂಜಿ, ಸೊಲ್ಲಾಪುರ, ಪುಣೆ, ಗೋವಾಗಳಿಂದ ಮರಳಿ ಬಂದವರ ವಿಷಯದಲ್ಲಿ ಅಲ್ಲಿನ ಮಾಲೀಕರೊಡನೆ ಮರಾಠಿ ಅಥವಾ ಹಿಂದಿಯಲ್ಲಿ ಮಾತನಾಡಬಲ್ಲವರನ್ನೇ ಈ ಕೆಲಸಕ್ಕೆ ನಿಯೋಜಿಸಿದರೆ ಅರೆಬರೆ ಅರ್ಥದಿಂದ ಆಗುವ ಅನ್ಯಾಯ ತಪ್ಪುತ್ತದೆ.

ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲ ಅರ್ಜಿದಾರರ ಬಗ್ಗೆಯೂ ಅವೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳುವುದು ಎರಡು ರೀತಿಯಲ್ಲಿ ಲಾಭಕರ: ಉತ್ತರಗಳನ್ನು ಹೋಲಿಸಿ ನೋಡಲು ಸಾಧ್ಯವಾಗುತ್ತದೆ, ಮತ್ತು ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ಎಂಬ ದೂರಿಗೆ ಆಸ್ಪದವಿರುವುದಿಲ್ಲ. ‘ಮನುಷ್ಯ ಹೇಗೆ’ ಎಂದು ಕೇಳಿದರೆ ‘ಚಲೋ ಅದಾನ’ ಎಂಬ ಉತ್ತರವಷ್ಟೇ ಬರುತ್ತದೆ. ಅದರ ಬದಲು ತೂಕದ ಗುಮಾಸ್ತನ ಬಗ್ಗೆ ವಿಚಾರಿಸುವಾಗ, ಅವನು ಎಷ್ಟು ಹಂಗಾಮು ಆ ಕೆಲಸದಲ್ಲಿದ್ದ, ತೂಕದ ವಿಷಯದಲ್ಲಿ ರೈತರಿಂದ ದೂರು ಬಂದಾಗ ಅವನು ಏನು ಮಾಡಿದ, ರಾತ್ರಿ ಪಾಳಿಗೆ ಹೇಳದೆ ತಪ್ಪಿಸಿದ್ದುಂಟೇ, ಅವನ ಮೇಲೆ ಲಿಖಿತ ಶಿಸ್ತುಕ್ರಮ ನಡೆದದ್ದುಂಟೇ ಎಂದು ನಡೆದ ಸಂಗತಿಗಳನ್ನೇ ಕೇಳಬೇಕು; ಪಿಗ್ಮಿ ಏಜೆಂಟನ ಬಗ್ಗೆಯಾದರೆ, ಸಂಗ್ರಹಿಸಿದ ಹಣವನ್ನು ಅದೇ ದಿನ ಕಟ್ಟುತ್ತಿದ್ದನೇ, ಗ್ರಾಹಕರ ಪಾಸ್‌ಬುಕ್ಕಿಗೂ ಕಚೇರಿಯ ಲೆಕ್ಕಕ್ಕೂ ವ್ಯತ್ಯಾಸ ಕಂಡಿತ್ತೇ ಎಂದು ಕೇಳಬೇಕು. ‘ಅದೇ ಕೆಲಸ ಖಾಲಿ ಇದ್ದರೆ ಅವರನ್ನೇ ಮತ್ತೆ ತೆಗೆದುಕೊಳ್ಳುವಿರಾ’ ಎಂಬುದನ್ನು ಕೊನೆಯ ಪ್ರಶ್ನೆಯಾಗಿ ಇಟ್ಟುಕೊಂಡರೆ, ಹೊಗಳಿಕೆಯಲ್ಲಿ ಉದಾರವಾಗಿದ್ದವರೂ ಅಲ್ಲಿ ನಿಂತು ಯೋಚಿಸುತ್ತಾರೆ. ಹಾಗೆ ಯೋಚಿಸಿದವರನ್ನು ಕಾರಣ ಕೇಳಬೇಕು. ತಡವರಿಕೆಯನ್ನೇ ದೋಷದ ಸಾಕ್ಷಿಯೆಂದು ಬರೆದುಕೊಳ್ಳಬಾರದು, ಏಕೆಂದರೆ ಮಾಲೀಕನು ಬಿಟ್ಟುಹೋದ ಒಳ್ಳೆಯ ಕೆಲಸಗಾರನ ಮೇಲೆ ಸಿಟ್ಟಾಗಿರುವುದೂ ಉಂಟು, ತನಗೆ ಬೇಡವಾದವನನ್ನು ಸಾಗಹಾಕಲು ಹೊಗಳುವುದೂ ಉಂಟು. ಈ ಕಾರಣದಿಂದಲೇ ಒಬ್ಬರ ಮಾತಿನ ಮೇಲೆ ನಿಲ್ಲದೆ, ಬೇರೆ ಬೇರೆ ಕಾಲದಲ್ಲಿ ಕೆಲಸ ಕಂಡ ಕನಿಷ್ಠ ಇಬ್ಬರನ್ನು ಕೇಳಬೇಕಾಗುತ್ತದೆ.

ಸದ್ಯ ಬೇರೆಡೆ ಕೆಲಸದಲ್ಲಿರುವ ಅರ್ಜಿದಾರನ ಈಗಿನ ಮಾಲೀಕರನ್ನು ಅವನ ಒಪ್ಪಿಗೆಯಿಲ್ಲದೆ ಸಂಪರ್ಕಿಸುವುದು ಎಲ್ಲಕ್ಕಿಂತ ದೊಡ್ಡ ಅಪಚಾರ. ಹೊಸ ಕೆಲಸ ಸಿಗುವುದಕ್ಕೆ ಮೊದಲೇ ಹಳೆಯದನ್ನು ಕಳೆದುಕೊಳ್ಳುವ ಸಂಭವವು, ಮಾಲೀಕರೆಲ್ಲರೂ ಪರಸ್ಪರ ಪರಿಚಿತರಾಗಿರುವ ಮುಧೋಳ, ಜಮಖಂಡಿಗಳಂಥ ಊರುಗಳಲ್ಲಿ ತೀರ ನಿಜವಾದದ್ದು. ಆದ್ದರಿಂದ ಆ ವಿಚಾರಣೆಯನ್ನು ನೇಮಕಾತಿ ಬಹುಮಟ್ಟಿಗೆ ನಿಶ್ಚಯವಾದ ಮೇಲೆ, ಅರ್ಜಿದಾರನಿಗೆ ತಿಳಿಸಿಯೇ ನಡೆಸಬೇಕು. ವಿರುದ್ಧವಾದ ಮಾತು ಬಂದಾಗ ಅದರ ಸಾರಾಂಶವನ್ನು ಅರ್ಜಿದಾರನ ಮುಂದಿಟ್ಟು ಅವನ ವಿವರಣೆಯನ್ನು ಕೇಳುವುದು ಔದಾರ್ಯದ ವಿಷಯವಷ್ಟೇ ಅಲ್ಲ, ಸತ್ಯ ತಿಳಿಯುವ ಮಾರ್ಗವೂ ಹೌದು. ಹೆಸರಿನ ಸಾಮ್ಯದಿಂದ ಒಬ್ಬನ ತಪ್ಪು ಇನ್ನೊಬ್ಬನ ತಲೆಗೆ ಬಂದಿದ್ದರೆ ಅದು ಬೆಳಕಿಗೆ ಬರುವುದು ಅಲ್ಲಿಯೇ. ಕೇಳಿದ ದಿನಾಂಕ, ಉತ್ತರಿಸಿದವರ ಹೆಸರು ಮತ್ತು ಹುದ್ದೆ, ಉತ್ತರದ ಮಾತುಗಳು, ಇಷ್ಟನ್ನು ಅಂದೇ ಬರೆದಿಟ್ಟರೆ ಮುಂದೆ ಯಾವ ಪ್ರಶ್ನೆ ಎದ್ದರೂ ಆ ಬರಹವೇ ಸಂಸ್ಥೆಗೆ ಆಧಾರವಾಗುತ್ತದೆ.

ಕೇಳಬಾರದ ಪ್ರಶ್ನೆಗಳು

ಖಾಸಗಿತನವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಈ ತತ್ತ್ವವನ್ನು ವ್ಯವಹಾರಕ್ಕೆ ಇಳಿಸಲು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು; ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳ ಬಳಿಕ ಜಾರಿಯಾಗುವುದರಿಂದ ಸಿದ್ಧತೆಗೆ ಈಗ ಕಾಲಾವಕಾಶವಿದೆ. ವ್ಯಕ್ತಿಯೊಬ್ಬನನ್ನು ಗುರುತಿಸಬಹುದಾದ ಯಾವುದೇ ಮಾಹಿತಿಯು ಡಿಜಿಟಲ್ ರೂಪದಲ್ಲಿದ್ದರೆ ಅದು ಈ ಕಾಯಿದೆಗೆ ಒಳಪಡುತ್ತದೆ. ಕಾಗದದ ಬಯೋಡೇಟಾವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕ್ಷಣದಿಂದ ಅದೂ ಡಿಜಿಟಲ್ ದತ್ತಾಂಶವೇ. ಉದ್ಯೋಗದ ಉದ್ದೇಶಕ್ಕಾಗಿ ಒಪ್ಪಿಗೆಯಿಲ್ಲದೆ ಮಾಹಿತಿ ಬಳಸಲು ಕಾಯಿದೆಯಲ್ಲಿ ಸೀಮಿತ ಅವಕಾಶವಿದ್ದರೂ, ಇನ್ನೂ ನೌಕರನಾಗದ ಅರ್ಜಿದಾರನ ವಿಷಯದಲ್ಲಿ ಲಿಖಿತ ಒಪ್ಪಿಗೆಯೇ ಗಟ್ಟಿಯಾದ ನೆಲೆ. ಯಾವ ಮಾಹಿತಿಯನ್ನು, ಯಾವ ಉದ್ದೇಶಕ್ಕೆ, ಯಾರಿಂದ ಪಡೆಯಲಾಗುವುದೆಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಅರ್ಜಿದಾರನಿಗೆ ಇರಬೇಕೆಂದು ಕಾಯಿದೆ ಹೇಳುವುದರಿಂದ, ಕನ್ನಡದಲ್ಲಿ ಒಪ್ಪಿಗೆ ಪತ್ರ ಕೇಳುವುದು ಅರ್ಜಿದಾರನ ಹಕ್ಕು. ಆಯ್ಕೆಯಾಗದವರ ಕಾಗದಪತ್ರಗಳನ್ನು ಕೆಲಸ ಮುಗಿದ ಮೇಲೆ ಉಳಿಸಿಕೊಳ್ಳದೆ ನಾಶಪಡಿಸುವುದೂ ಅದೇ ಕಾಯಿದೆಯ ಆಶಯ.

ಕೆಲಸಕ್ಕೆ ಸಂಬಂಧವಿಲ್ಲದ ಪ್ರಶ್ನೆಗಳಲ್ಲಿ ಹಲವು ಅನವಶ್ಯಕ ಮಾತ್ರವಲ್ಲ, ನಿಷಿದ್ಧವೂ ಹೌದು. ಬಾಗಲಕೋಟೆ ಜಿಲ್ಲೆಯು ಒಂದು ಕಾಲಕ್ಕೆ ರಾಜ್ಯದಲ್ಲಿ ಎಚ್‌ಐವಿ ಸೋಂಕಿನ ಪ್ರಮಾಣ ಹೆಚ್ಚಿದ್ದ ಜಿಲ್ಲೆಗಳಲ್ಲೊಂದಾಗಿದ್ದು, ಸೋಂಕಿತರೂ ಅವರ ಮಕ್ಕಳೂ ಅನುಭವಿಸಿದ ಬಹಿಷ್ಕಾರದ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ; 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಕೆಲಸ ಕೊಡಲು ಆ ಪರೀಕ್ಷೆಯನ್ನು ಷರತ್ತಾಗಿಸುವುದನ್ನೂ, ಸೋಂಕಿನ ಕಾರಣದಿಂದ ಕೆಲಸ ನಿರಾಕರಿಸುವುದನ್ನೂ ನಿಷೇಧಿಸಿದೆ. ಹೀಗಿರುವಾಗ ಹಿಂದಿನ ಮಾಲೀಕರನ್ನು ‘ಏನಾದರೂ ಬೇನೆ ಇತ್ತೇ’ ಎಂದು ಕೇಳುವುದೇ ತಪ್ಪು ದಾರಿ. ಅಂಗವಿಕಲರ ಹಕ್ಕುಗಳಿಗಾಗಿ 2016ರಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ರಕ್ಷಣೆಗಾಗಿ 2019ರಲ್ಲಿ ಬಂದ ಕಾಯಿದೆಗಳೂ ಉದ್ಯೋಗದಲ್ಲಿ ಭೇದ ಮಾಡುವುದನ್ನು ತಡೆಯುತ್ತವೆ. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಹಿಂದೆ ಸರಿಸುವುದನ್ನು 1976ರ ಸಮಾನ ವೇತನ ಕಾಯಿದೆಯ ಕಾಲದಿಂದಲೂ ಕಾನೂನು ಒಪ್ಪಿಲ್ಲ. ಮದುವೆ, ಬಸಿರು, ಜಾತಿ, ಮತ, ಯೂನಿಯನ್ ಸದಸ್ಯತ್ವ, ಚುನಾವಣೆಯಲ್ಲಿ ಯಾರ ಪರವಾಗಿದ್ದ ಎಂಬ ವಿಚಾರಗಳು ಫೋನಿನ ಆ ತುದಿಯಿಂದ ತಾವಾಗಿಯೇ ಬಂದರೂ ಅವುಗಳನ್ನು ಬರೆದುಕೊಳ್ಳದೆ, ಮಾತನ್ನು ಕೆಲಸದ ಕಡೆಗೆ ತಿರುಗಿಸುವುದು ವಿಚಾರಿಸುವವರ ಕರ್ತವ್ಯ.

ಹಿಂದಿನ ಕ್ರಿಮಿನಲ್ ಪ್ರಕರಣಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಪ್ರಕರಣದಲ್ಲಿ 2016ರ ಜುಲೈ 21ರಂದು ಕೊಟ್ಟ ತೀರ್ಪು ಸರ್ಕಾರಿ ನೇಮಕಾತಿಯ ಸಂದರ್ಭದ್ದಾದರೂ ಎಲ್ಲ ಮಾಲೀಕರಿಗೂ ಪಾಠವಾಗುವಂಥದು. ಅರ್ಜಿದಾರನು ಸತ್ಯವನ್ನೇ ಹೇಳಬೇಕು. ಆದರೆ ಅರ್ಜಿಯ ಪ್ರಶ್ನೆಯು ನಿರ್ದಿಷ್ಟವಾಗಿರಬೇಕು, ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದ್ದರೆ ಅದನ್ನು ಮನ್ನಿಸಬಹುದು, ಹುದ್ದೆಯ ಸ್ವರೂಪ ಮತ್ತು ಆರೋಪದ ಗಂಭೀರತೆಗಳನ್ನು ಒಟ್ಟಿಗೆ ತೂಗಿ ನಿರ್ಧರಿಸಬೇಕು ಎಂಬುದು ಅದರ ಸಾರ. ಬಾಲ್ಯದಲ್ಲಿ ಮಾಡಿದ ತಪ್ಪು ಮುಂದೆ ಅನರ್ಹತೆಯಾಗಬಾರದೆಂದು 2015ರ ಬಾಲನ್ಯಾಯ ಕಾಯಿದೆಯೂ ಕೆಲವು ವಿನಾಯಿತಿಗಳೊಡನೆ ವಿಧಿಸಿದೆ.

ಮುಂಗಡ ಮತ್ತು ಬಾಕಿ

ಈ ನಾಲ್ಕು ತಾಲ್ಲೂಕುಗಳಲ್ಲಿ ಪೂರ್ವಾಪರ ವಿಚಾರಣೆಯು ಅತ್ಯಂತ ಸೂಕ್ಷ್ಮವಾಗುವುದು ಮುಂಗಡದ ವಿಷಯದಲ್ಲಿ. ಕಬ್ಬು ಕಡಿಯುವ ಗ್ಯಾಂಗುಗಳಿಗೆ ಮುಕಾದಮರ, ಅಂದರೆ ಗ್ಯಾಂಗಿನ ಮುಂದಾಳುಗಳ ಮೂಲಕ ಹಂಗಾಮಿಗೆ ಮುನ್ನವೇ ದೊಡ್ಡ ಮೊತ್ತ ಸಂದಿರುತ್ತದೆ; ಮಗ್ಗದ ಕೆಲಸದಲ್ಲಿಯೂ ಕೂಲಿ ನೇಕಾರರು ಮದುವೆ, ಆಸ್ಪತ್ರೆಗಳ ಖರ್ಚಿಗೆ ಮಾಲೀಕರಿಂದ ಮುಂಗಡ ಪಡೆಯುತ್ತಾರೆ. ಮುಂಗಡ ಪಡೆದ ಗ್ಯಾಂಗು ಬಾರದೆ ಹೋದರೆ ಸಾಲ ಮಾಡಿ ಹಣ ಕೊಟ್ಟ ಟ್ರ್ಯಾಕ್ಟರ್ ಮಾಲೀಕನ ವರ್ಷವೇ ಮುಳುಗುವುದರಿಂದ, ಈ ಗ್ಯಾಂಗು ಹಿಂದಿನ ಹಂಗಾಮುಗಳಲ್ಲಿ ಎಲ್ಲಿ ಕಡಿದಿತ್ತು, ಒಪ್ಪಿಕೊಂಡ ಕೆಲಸವನ್ನು ಮುಗಿಸಿತ್ತೇ ಎಂದು ವಿಚಾರಿಸುವುದು ಅವನ ನ್ಯಾಯವಾದ ಹಕ್ಕು. ಆದರೆ ವಿಚಾರಣೆಯು ‘ಹಳೆಯ ಮಾಲೀಕನ ಬಾಕಿ ತೀರಿದೆಯೇ, ಅವನು ಬಿಟ್ಟುಕೊಡುವನೇ’ ಎಂಬ ಪ್ರಶ್ನೆಗೆ ತಿರುಗಿದಾಗ ಅದರ ಸ್ವರೂಪವೇ ಬದಲಾಗುತ್ತದೆ. ಮುಂಗಡದ ಕಾರಣದಿಂದ ದುಡಿಯುವವನು ಬೇರೆಡೆ ಕೆಲಸ ಮಾಡುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವ ಒಪ್ಪಂದವನ್ನು 1976ರ ಜೀತ ಪದ್ಧತಿ ರದ್ದತಿ ಕಾಯಿದೆಯು ಜೀತವೆಂದೇ ಎಣಿಸುತ್ತದೆ, ಮತ್ತು ಅಂಥ ಜೀತದ ಸಾಲವನ್ನು ತೀರಿಸುವ ಬಾಧ್ಯತೆಯನ್ನೇ ಅಳಿಸಿಹಾಕುತ್ತದೆ. ಸಾಲದ ತಕರಾರನ್ನು ಕಾನೂನಿನ ಮಾರ್ಗದಲ್ಲಿ ಬಗೆಹರಿಸಿಕೊಳ್ಳಬಹುದು. ಆದರೆ ಮಾಲೀಕರು ಒಂದಾಗಿ, ಬಾಕಿ ಇರುವವನಿಗೆ ಯಾರೂ ಕೆಲಸ ಕೊಡಬಾರದೆಂದು ಕಟ್ಟು ಹಾಕಿದರೆ ಅದು ದುಡಿಯುವವನನ್ನು ಕಟ್ಟಿಹಾಕಿದಂತೆಯೇ. ಅವನ ಭಾವಚಿತ್ರವನ್ನು ‘ಮುಂಗಡ ತಿಂದು ಓಡಿದವನು’ ಎಂಬ ಬರಹದೊಡನೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಬಿಟ್ಟರೆ ಅದು ಮಾನಹಾನಿಯ ದಾವೆಗೂ ದಾರಿಯಾಗುತ್ತದೆ.

ಉತ್ತರಿಸುವವರ ಭಯ ಮತ್ತು ಕರ್ತವ್ಯ

ಹಿಂದಿನ ಮಾಲೀಕರು ನಿಜ ಹೇಳಲು ಹಿಂಜರಿಯುವುದಕ್ಕೆ ಮುಖ್ಯ ಕಾರಣ ಮಾನಹಾನಿ ಮೊಕದ್ದಮೆಯ ಭಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು, ಅದಕ್ಕೆ ಹಿಂದೆ ಭಾರತೀಯ ದಂಡ ಸಂಹಿತೆಯ 499ನೇ ಕಲಮು, ಒಬ್ಬರ ಹೆಸರಿಗೆ ಧಕ್ಕೆ ತರುವ ಮಾತನ್ನು ಅಪರಾಧವಾಗಿಸಿದರೂ ಅದಕ್ಕೆ ಹತ್ತು ವಿನಾಯಿತಿಗಳನ್ನು ಇಟ್ಟಿವೆ. ಅವುಗಳಲ್ಲಿ ಒಂಬತ್ತನೆಯದು ತನ್ನ ಅಥವಾ ಬೇರೆಯವರ ಹಿತರಕ್ಷಣೆಗಾಗಿ ಸದ್ಭಾವನೆಯಿಂದ ಆಡಿದ ಮಾತನ್ನೂ, ಹತ್ತನೆಯದು ಕೇಳುವವರ ಒಳಿತಿಗಾಗಿ ಸದ್ಭಾವನೆಯಿಂದ ಕೊಟ್ಟ ಎಚ್ಚರಿಕೆಯನ್ನೂ ರಕ್ಷಿಸುತ್ತವೆ. ಸದ್ಭಾವನೆ ಎಂಬುದಕ್ಕೆ ಕಾನೂನಿನಲ್ಲಿ ವಿಶೇಷ ಅರ್ಥವಿದೆ: ತಕ್ಕ ಎಚ್ಚರ ಮತ್ತು ಗಮನವಿಲ್ಲದೆ ಮಾಡಿದ ಯಾವುದೂ ಸದ್ಭಾವನೆಯಿಂದ ಮಾಡಿದ್ದೆನಿಸುವುದಿಲ್ಲ. ಆದ್ದರಿಂದ ‘ಮೂರು ಬಾರಿ ನಗದು ಕಡಿಮೆ ಬಂದಿತ್ತು, ಲಿಖಿತ ನೋಟಿಸು ಕೊಟ್ಟಿದ್ದೆವು’ ಎಂದು ದಾಖಲೆಯಲ್ಲಿರುವುದನ್ನು ಕೇಳಿದವರಿಗೆ ಮಾತ್ರ ಹೇಳುವವರು ಕಾನೂನಿನ ನೆರಳಿನಲ್ಲಿರುತ್ತಾರೆ. ‘ಅವನು ಕಳ್ಳ’ ಎಂದು ತೀರ್ಪು ಕೊಡುವವರು ಆ ನೆರಳಿನಿಂದ ಹೊರಬೀಳುತ್ತಾರೆ.

ಉತ್ತರಿಸುವವರ ಹೊಣೆಯನ್ನು ಬೇರೆ ದೇಶಗಳು ಇನ್ನೂ ಸ್ಪಷ್ಟವಾಗಿ ಗುರುತಿಸಿವೆ. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1994ರಲ್ಲಿ ಸ್ಪ್ರಿಂಗ್ ಎಂಬ ವಿಮಾ ಮಾರಾಟಗಾರನ ಪ್ರಕರಣದಲ್ಲಿ, ಮಾಜಿ ನೌಕರನ ಬಗ್ಗೆ ಪತ್ರ ಕೊಡುವ ಮಾಲೀಕನು ಕೇಳಿದವರಿಗೆ ಮಾತ್ರವಲ್ಲದೆ ಆ ನೌಕರನಿಗೂ ಎಚ್ಚರಿಕೆಯ ಹೊಣೆ ಹೊತ್ತಿರುತ್ತಾನೆಂದೂ, ವಿಚಾರಿಸದೆ ಬರೆದ ತಪ್ಪು ಮಾತಿನಿಂದ ನಷ್ಟವಾದರೆ ತೆರಬೇಕೆಂದೂ ಹೇಳಿತು. ಜರ್ಮನಿಯಲ್ಲಿ ಕೆಲಸ ಬಿಡುವ ಪ್ರತಿಯೊಬ್ಬರಿಗೂ ಲಿಖಿತ ಪ್ರಮಾಣಪತ್ರ ಪಡೆಯುವ ಹಕ್ಕಿದ್ದು, ಅದರಲ್ಲಿ ಗೂಢಾರ್ಥದ ಮಾತುಗಳಿರಬಾರದೆಂದು ಕಾನೂನೇ ವಿಧಿಸಿದೆ. ಭಾರತದಲ್ಲಿಯೂ ದೊಡ್ಡ ಕೈಗಾರಿಕೆಗಳ ಕಾಯಂ ಕಾರ್ಮಿಕರಿಗೆ ಕೆಲಸದಿಂದ ಬಿಡುಗಡೆಯಾಗುವಾಗ ಸೇವಾ ಪ್ರಮಾಣಪತ್ರ ಕೊಡಬೇಕೆಂಬ ನಿಯಮವು 1946ರ ಕಾಯಿದೆಯಡಿ ರೂಪಿಸಿದ ಮಾದರಿ ಸ್ಥಾಯಿ ಆದೇಶಗಳಲ್ಲಿ, ಅಂದರೆ ಕಾರ್ಖಾನೆಯ ಸೇವಾ ಷರತ್ತುಗಳ ಲಿಖಿತ ಸಂಹಿತೆಯಲ್ಲಿ ಇತ್ತು. ಆದರೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಸ್ಥಾಯಿ ಆದೇಶಗಳು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತವೆ. ಎಂಟು ಹತ್ತು ಮಗ್ಗಗಳ ಮಾಲೀಕರು ಇಂಥ ನಿಯಮದೊಳಗೆ ಎಂದೂ ಬಂದವರಲ್ಲ. ಅದೇ ದಿನ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ನೌಕರರಿಗೆ ನೇಮಕಾತಿ ಪತ್ರ ಕೊಡುವುದನ್ನು ಕಡ್ಡಾಯಗೊಳಿಸಿರುವುದು ಒಳ್ಳೆಯ ಆರಂಭ, ಏಕೆಂದರೆ ಕೆಲಸಕ್ಕೆ ಸೇರಿದ್ದಕ್ಕೆ ಕಾಗದವಿದ್ದರೆ ಬಿಟ್ಟದ್ದಕ್ಕೂ ಕಾಗದ ಕೇಳುವುದು ಸುಲಭವಾಗುತ್ತದೆ.

ಕಾನೂನು ತಲುಪದ ಈ ಜಾಗವನ್ನು ಸ್ಥಳೀಯ ಸಂಸ್ಥೆಗಳೇ ತುಂಬಬೇಕಾಗಿದೆ. ಹೆಸರು, ಮಾಡಿದ ಕೆಲಸ, ಸೇರಿದ ಮತ್ತು ಬಿಟ್ಟ ದಿನಾಂಕ, ಬಿಟ್ಟ ಕಾರಣ, ಇಷ್ಟನ್ನೇ ಕನ್ನಡದಲ್ಲಿ ಅಚ್ಚು ಮಾಡಿಸಿದ ಒಂದು ಪುಟದ ಸೇವಾ ಪತ್ರವನ್ನು ಪ್ರತಿ ನೇಕಾರನಿಗೂ, ಹಂಗಾಮಿ ಕಾರ್ಮಿಕನಿಗೂ, ಅಂಗಡಿಯ ಗುಮಾಸ್ತನಿಗೂ ಬಿಡುವಾಗ ಕೊಡುವ ಪದ್ಧತಿಯನ್ನು ಮಗ್ಗದ ಮಾಲೀಕರ ಸಂಘಗಳು, ಸಹಕಾರಿಗಳು, ಶಾಲಾ ಆಡಳಿತ ಮಂಡಳಿಗಳು ತಾವಾಗಿ ಒಪ್ಪಿಕೊಂಡರೆ ಅದಕ್ಕೆ ಖರ್ಚೂ ಇಲ್ಲ, ಸರ್ಕಾರದ ಆದೇಶವೂ ಬೇಕಿಲ್ಲ. ಅದರ ಜೊತೆಗೆ ಅರ್ಜಿಯೊಂದಿಗೇ ಲಗತ್ತಿಸುವ ಕನ್ನಡದ ಒಪ್ಪಿಗೆ ಪತ್ರವೂ, ಎಲ್ಲರಿಗೂ ಒಂದೇ ಆಗಿರುವ ಪ್ರಶ್ನೆಗಳ ಪಟ್ಟಿಯೂ ಸಿದ್ಧವಾದರೆ ಸಣ್ಣ ಸಂಸ್ಥೆಯೊಂದು ದೊಡ್ಡ ಕಂಪನಿಗಿಂತ ಚೆನ್ನಾಗಿ ಈ ವಿಚಾರಣೆಯನ್ನು ನಡೆಸಬಲ್ಲದು, ಏಕೆಂದರೆ ಕೆಲಸವನ್ನು ಕಣ್ಣಾರೆ ಕಂಡವರು ಇಲ್ಲಿ ದೂರದಲ್ಲಿಲ್ಲ. ವಶೀಲಿ ಇಲ್ಲದ ಮನೆಯಲ್ಲಿ ಹುಟ್ಟಿ, ಹತ್ತು ಹಂಗಾಮು ಒಂದೂ ಪಾಳಿ ತಪ್ಪಿಸದೆ ದುಡಿದವನಿಗೆ ಇಂದು ತೋರಿಸಲು ಏನೂ ಇಲ್ಲ. ಅವನ ದುಡಿಮೆಯೇ ಅವನ ಪರವಾಗಿ ಮಾತನಾಡುವಂತೆ ಮಾಡುವುದು ಪೂರ್ವಾಪರ ವಿಚಾರಣೆಯ ನಿಜವಾದ ಪ್ರಯೋಜನ, ಮತ್ತು ಆ ಪ್ರಯೋಜನವು ಕೆಲಸ ಕೊಡುವವರಿಗೂ ಕೆಲಸ ಕೇಳುವವರಿಗೂ ಸಮನಾಗಿ ಸಲ್ಲುತ್ತದೆ.